ಮನೆ ಕಟ್ಟುವ ಕಂಟ್ರಾಕ್ಟರ್‌ಗಳಿಗೆ ಪ್ರಾಜೆಕ್ಟ್ ಸಾಫ್ಟ್‌ವೇರ್: ಪದೇ ಪದೇ ಕೇಳುವ ಪ್ರಶ್ನೆಗಳು

30x40, 40x60 ಸೈಟುಗಳಲ್ಲಿ ಒಂದೊಂದೇ ಮನೆ ಕಟ್ಟಿಕೊಡುವವರು, ಒಂದೇ ಸಮಯಕ್ಕೆ ಎರಡರಿಂದ ಹತ್ತು ಸೈಟು ನಡೆಸುವವರು, ಅಂಥವರಿಗಾಗಿ ಈ ಉತ್ತರಗಳು. ದೊಡ್ಡ ಅಪಾರ್ಟ್‌ಮೆಂಟ್ ಕಂಪನಿಗಳ ಕಥೆ ಬೇರೆ.

ವರ್ಷಕ್ಕೆ ಎರಡು ಮೂರು ಮನೆ ಕಟ್ಟೋನು ನಾನು. ನನಗೂ ಸಾಫ್ಟ್‌ವೇರ್ ಬೇಕಾ?

ಒಂದೇ ಸೈಟು ನಡೀತಾ ಇದ್ದು, ದಿನಾ ನೀವೇ ಅಲ್ಲಿ ನಿಲ್ಲುತ್ತೀರಿ ಅಂದರೆ ಒಂದು ಒಳ್ಳೆಯ ಡೈರಿ ಸಾಕು. ಮೂರನೇ ಸೈಟು ಶುರುವಾದಾಗ ಪರಿಸ್ಥಿತಿ ಬದಲಾಗುತ್ತದೆ. ಆಗ ಯಾವ ಸೈಟಿಗೆ ಎಷ್ಟು ಸಿಮೆಂಟ್ ಹೋಯಿತು, ಯಾವ ಓನರ್ ಯಾವ ಹಂತದ ದುಡ್ಡು ಕೊಡಬೇಕು, ಬಾರ್ ಬೆಂಡರ್‌ಗೆ (ಕಂಬಿ ಕಟ್ಟುವವರಿಗೆ) ಅಡ್ವಾನ್ಸ್ ಕೊಟ್ಟಿದ್ದು ಯಾವ ಮನೆ ಲೆಕ್ಕಕ್ಕೆ, ಇದೆಲ್ಲ ತಲೆಯಲ್ಲಿ ಇಟ್ಟುಕೊಳ್ಳೋದು ಆಗುವುದಿಲ್ಲ. ಒಂದು ಮನೆಯ ಲಾಭ ಇನ್ನೊಂದು ಮನೆಯ ನಷ್ಟವನ್ನು ಮುಚ್ಚುತ್ತಾ ಇರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಮನೆವಾರು ಲೆಕ್ಕ ಬೇರೆ ಬೇರೆ ಕಾಣಬೇಕು ಅನ್ನಿಸಿದ ದಿನವೇ ಸಾಫ್ಟ್‌ವೇರ್ ನೋಡಲು ಸರಿಯಾದ ದಿನ.

ಮೊದಲು ಯಾವ ಸೌಲಭ್ಯ ಇದೆಯಾ ಅಂತ ನೋಡಬೇಕು?

ಹೆಚ್ಚುವರಿ ಕೆಲಸ ಬರೆದು, ಓನರ್ ಒಪ್ಪಿಗೆ ತೆಗೆದುಕೊಳ್ಳುವ ಸೌಲಭ್ಯ. ಉಳಿದದ್ದೆಲ್ಲ ಇದರ ನಂತರ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂದರೆ, ಮನೆ ಕೆಲಸದಲ್ಲಿ ಜಗಳ ಹುಟ್ಟುವುದು ಬಹುಪಾಲು ಇಲ್ಲೇ. ಓನರ್ ಭಾನುವಾರ ಸೈಟಿಗೆ ಬಂದು "ಮೇಸ್ತ್ರೀ, ಇಲ್ಲೊಂದು ಸಜ್ಜ ಹಾಕ್ಬಿಡಿ" ಅನ್ನುತ್ತಾರೆ. ಮೇಸ್ತ್ರಿ ಹಾಕುತ್ತಾರೆ. ಆಮೇಲೆ ಸಂಪ್ 6,000 ಲೀಟರ್ ಬದಲು 10,000 ಲೀಟರ್ ಆಗುತ್ತದೆ, ದೇವರ ಮನೆ ಗೋಡೆ ಎರಡು ಅಡಿ ಸರಿಯುತ್ತದೆ, ಕಿಟಕಿ ಒಂದು ಜಾಸ್ತಿಯಾಗುತ್ತದೆ. ಯಾರೂ ಬರೆದಿಡುವುದಿಲ್ಲ. ಕೊನೆಯ ಬಿಲ್ಲಿನಲ್ಲಿ ಇದನ್ನೆಲ್ಲ ಒಟ್ಟಿಗೆ ಹಾಕಿದಾಗ ಓನರ್‌ಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ. ಅದರಲ್ಲಿ ಅವರ ತಪ್ಪೂ ಇಲ್ಲ ಅಲ್ವಾ? ಜೀವನದಲ್ಲಿ ಒಂದೇ ಸಲ ಮನೆ ಕಟ್ಟಿಸುವವರು, ಬ್ಯಾಂಕ್ ಸಾಲದ ಮೇಲೆ ನಿಂತಿರುವವರು. "ಸಜ್ಜಕ್ಕೆ ಇಷ್ಟು ಆಗುತ್ತದೆ, ಹಾಕಲಾ?" ಅಂತ ಆವತ್ತೇ ಕೇಳಿದ್ದರೆ ಅರ್ಧ ಕೆಲಸ ಅವರೇ ಬೇಡ ಅನ್ನುತ್ತಿದ್ದರು.

ಟೈಲ್ಸ್ ವಿಷಯವೂ ಇದೇ. ಒಪ್ಪಂದದಲ್ಲಿ ಚದರ ಅಡಿಗೆ 60 ರೂಪಾಯಿಯ ಟೈಲ್ಸ್ ಅಂತ ಇದೆ ಅಂದುಕೊಳ್ಳಿ. ಅಂಗಡಿಯಲ್ಲಿ ಮನೆಯವರಿಗೆಲ್ಲ 95 ರೂಪಾಯಿಯದು ಹಿಡಿಸಿತು. 1,500 ಚದರ ಅಡಿ ನೆಲಕ್ಕೆ ವ್ಯತ್ಯಾಸವೇ 52,500 ರೂಪಾಯಿ. ಇದು ಅಂಗಡಿಯಲ್ಲಿ ನಿಂತಿರುವಾಗಲೇ ಫೋನಿನಲ್ಲಿ ಕಾಣಬೇಕು, ಓನರ್ ಅಲ್ಲೇ ಒಪ್ಪಬೇಕು.

ಹಾಗಾಗಿ ಡೆಮೊದಲ್ಲಿ ಮೊದಲ ಪ್ರಶ್ನೆಯಾಗಿ ಇದನ್ನೇ ಕೇಳಿ: ಹೆಚ್ಚುವರಿ ಕೆಲಸವನ್ನು ಸೈಟಿನಿಂದಲೇ ಹಾಕಬಹುದಾ, ಅದಕ್ಕೆ ಫೋಟೋ ಸೇರಿಸಬಹುದಾ, ಓನರ್ ಏನೂ ಇನ್‌ಸ್ಟಾಲ್ ಮಾಡದೆ ಒಂದು ಲಿಂಕ್ ಒತ್ತಿ ಒಪ್ಪಿಗೆ ಕೊಡಬಹುದಾ, ಒಪ್ಪಿದ ತಾರೀಖು ಉಳಿಯುತ್ತದಾ, ಆ ಮೊತ್ತ ತಾನಾಗಿಯೇ ಮುಂದಿನ ಬಿಲ್ಲಿಗೆ ಸೇರುತ್ತದಾ. ಇಷ್ಟಕ್ಕೂ ಹೌದು ಅನ್ನದ ಸಾಫ್ಟ್‌ವೇರ್ ಎಷ್ಟೇ ಚೆಂದ ಕಂಡರೂ ನಿಮಗೆ ಬೇಡ.

ವಾಟ್ಸಾಪ್ ಗ್ರೂಪ್ ಇದೆಯಲ್ಲ, ಸಾಲದಾ?

ಮಾತಾಡೋಕೆ ಸಾಕು. ಹುಡುಕೋಕೆ ಸಾಲದು. ಒಂದು ಮನೆ ಮುಗಿಯೋದು ಎಷ್ಟೋ ತಿಂಗಳ ಕೆಲಸ. ಅಷ್ಟರಲ್ಲಿ ಗುಡ್ ಮಾರ್ನಿಂಗ್, ಹಬ್ಬದ ಶುಭಾಶಯ, ಲಾರಿ ಎಲ್ಲಿದೆ, ಎಲ್ಲ ಸೇರಿ ಆ ಒಂದು "ಓಕೆ" ಎಲ್ಲೋ ಹೂತು ಹೋಗಿರುತ್ತದೆ. ಸೂಪರ್‌ವೈಸರ್ ಫೋನ್ ಬದಲಾಯಿಸಿದರೆ ಹಳೆಯ ಫೋಟೋಗಳು ಹೋದವು. ಆದರೂ ವಾಟ್ಸಾಪ್ ಬಿಡಿಸಲು ಹೋಗಬೇಡಿ, ಯಾರೂ ಬಿಡುವುದಿಲ್ಲ. ಮಾತು ಅಲ್ಲಿ ನಡೆಯಲಿ. ತೀರ್ಮಾನ, ದುಡ್ಡು, ಅಳತೆ ಈ ಮೂರು ಮಾತ್ರ ಸಾಫ್ಟ್‌ವೇರಿನಲ್ಲಿ ಇರಲಿ.

ಮೆಟೀರಿಯಲ್ ಲೆಕ್ಕ ಸರಿಯಾಗಿ ಇಡೋ ಆ್ಯಪ್ ಅಂತ ಹೇಗೆ ಗೊತ್ತಾಗುತ್ತೆ?

ಅಳತೆಗಳನ್ನು ಅದು ಹೇಗೆ ನೋಡಿಕೊಳ್ಳುತ್ತದೆ ಅಂತ ಪರೀಕ್ಷೆ ಮಾಡಿ. ನಮ್ಮ ಸೈಟಿನಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಲೆಕ್ಕ. ಸಿಮೆಂಟ್ 50 ಕೆಜಿ ಚೀಲದಲ್ಲಿ, ಬ್ಲಾಕ್ ಎಣಿಕೆಯಲ್ಲಿ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಟನ್ನಿನಲ್ಲೋ ಲೋಡಿನಲ್ಲೋ, ಮರ ಘನ ಅಡಿಯಲ್ಲಿ. ಓನರ್ ಜೊತೆ ಮಾತು ಮಾತ್ರ ಚದರದಲ್ಲಿ, ಅಂದರೆ 100 ಚದರ ಅಡಿಗೆ ಇಷ್ಟು ಅಂತ.

ಕಬ್ಬಿಣದಲ್ಲೇ ಜಾಸ್ತಿ ಗೊಂದಲ. ಬಿಲ್ಲು ಕೆಜಿಯಲ್ಲಿ ಬರುತ್ತದೆ. ಬಾರ್ ಬೆಂಡರ್ ಎಣಿಸುವುದು ರಾಡುಗಳನ್ನು. ಲೆಕ್ಕ ಕಷ್ಟವಲ್ಲ: ರಾಡಿನ ಮಿಲಿಮೀಟರ್ ಅಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ. 12 ಎಂಎಂ ರಾಡ್ ಮೀಟರಿಗೆ 0.89 ಕೆಜಿ, 12 ಮೀಟರಿನ ಒಂದು ಪೂರ್ತಿ ರಾಡಿಗೆ ಸುಮಾರು 10.67 ಕೆಜಿ. ನೂರು ರಾಡ್ ಇಳಿಸಿದರೆ 1,067 ಕೆಜಿ ಹತ್ತಿರ ಬರಬೇಕು. ಬಿಲ್ಲಿಗೂ ಇದಕ್ಕೂ ತುಂಬಾ ದೂರ ಇದ್ದರೆ ಲಾರಿ ಹೋಗುವ ಮೊದಲೇ ಕೇಳಬೇಕು. ಒಂದೇ ವಸ್ತುವಿಗೆ ಎರಡು ಅಳತೆ ಇಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ತಾನೇ ಲೆಕ್ಕ ಹಾಕುವ ಆ್ಯಪ್ ಆದರೆ ಈ ಪರೀಕ್ಷೆ ಸೈಟಿನಲ್ಲೇ ಆಗಿಹೋಗುತ್ತದೆ. ಮರಳಿನ ವಿಷಯದಲ್ಲಿ ಇನ್ನೊಂದು ಮಾತು: ಟನ್ನಿನ ಲೆಕ್ಕದಲ್ಲಿ ತರಿಸುವಾಗ ಒದ್ದೆ ಮರಳಿನ ನೀರಿಗೂ ದುಡ್ಡು ಕೊಟ್ಟ ಹಾಗೆ. ಹಾಗಾಗಿ ತೂಕದ ಚೀಟಿಯ ಜೊತೆ ಲೋಡಿನ ಫೋಟೋವೂ ಇರಲಿ.

ಇನ್ನೊಂದು ನೋಡಿ, ಒಂದು ಸೈಟಿನಿಂದ ಇನ್ನೊಂದಕ್ಕೆ ಸಾಮಾನು ಕಳಿಸೋದು. ಜಯನಗರದ ಮನೆಯಲ್ಲಿ ಉಳಿದ ಇಪ್ಪತ್ತು ಚೀಲ ಕೆಂಗೇರಿಗೆ ಹೋದರೆ ಅದು ಎರಡೂ ಕಡೆ ದಾಖಲಾಗಬೇಕು. ಇಲ್ಲದಿದ್ದರೆ ಒಂದು ಮನೆಯ ಓನರ್ ಇನ್ನೊಬ್ಬರ ಸಿಮೆಂಟಿಗೆ ದುಡ್ಡು ಕೊಟ್ಟ ಹಾಗಾಯಿತು.

ಹಾಜರಿ, ಬಟವಾಡೆ ಇದರಲ್ಲೇ ಆಗಬೇಕಾ?

ಆದರೆ ಒಳ್ಳೆಯದು. ಅರ್ಧ ದಿನ, ಓಟಿ, ಅಡ್ವಾನ್ಸ್ ಕಳೆಯೋದು, ಗಾರೆಯವರಿಗೆ ಒಂದು ಕೂಲಿ ಹೆಲ್ಪರ್‌ಗೆ ಇನ್ನೊಂದು, ಇಷ್ಟು ಬರಬೇಕು. ಜೊತೆಗೆ ದಿನಗೂಲಿಯವರನ್ನೂ, ಚದರ ಅಡಿ ಲೆಕ್ಕಕ್ಕೆ ಕೆಲಸ ಹಿಡಿದವರನ್ನೂ ಬೇರೆ ಬೇರೆ ಇಡಬೇಕು. ಪ್ಲಾಸ್ಟರಿಂಗ್ ತಂಡಕ್ಕೆ ಅಳತೆ ಮೇಲೆ ದುಡ್ಡು, ಅವರ ಹಾಜರಿ ಹಾಕಿ ಪ್ರಯೋಜನವಿಲ್ಲ. ಶನಿವಾರದ ಬಟವಾಡೆ ತಪ್ಪಿಲ್ಲದೆ, ಹೊತ್ತಿಗೆ ಸರಿಯಾಗಿ ಆದರೆ ಆಳುಗಳಿಗೆ ಆ ಸಾಫ್ಟ್‌ವೇರಿನ ಮೇಲೆ ನಂಬಿಕೆ ಬರುತ್ತದೆ. ವಾರವಿಡೀ ಬಿಸಿಲಲ್ಲಿ ದುಡಿದವರಿಗೆ ಲೆಕ್ಕದ ಗೊಂದಲದಿಂದ ಒಂದು ದಿನದ ಕೂಲಿಯೂ ತಪ್ಪಬಾರದು.

ಎಂಎಸ್ ಪ್ರಾಜೆಕ್ಟ್, ಪ್ರೈಮಾವೆರಾ ಕಲಿಯಬೇಕಾ?

ಬೇಡ. ವೇಳಾಪಟ್ಟಿ ಹಾಕುವ ಆ ಸಾಫ್ಟ್‌ವೇರ್‌ಗಳು ಮೆಟ್ರೋ, ಸೇತುವೆ, ದೊಡ್ಡ ಟವರ್‌ಗಳಿಗೆ ಸರಿ. ಒಂದು ಮನೆಗೆ ಮೂವತ್ತು ನಲವತ್ತು ಸಾಲಿನ ಪಟ್ಟಿ ಸಾಕು: ಮಾರ್ಕಿಂಗ್, ಪಾಯ, ಪ್ಲಿಂತ್, ಲಿಂಟಲ್, ರೂಫ್, ಗೋಡೆ ಪೈಪು, ಪ್ಲಾಸ್ಟರ್, ಟೈಲ್ಸ್, ಪೇಂಟ್, ಹೀಗೆ.

ಆದರೆ ಆ ಪಟ್ಟಿಯಲ್ಲಿ ಕಾಯುವ ದಿನಗಳೂ ಇರಬೇಕು, ಇದನ್ನು ತುಂಬಾ ಜನ ಬಿಡುತ್ತಾರೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಸಾಧಾರಣ ಓಪಿಸಿ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ (ನೀರು ಹಾಕಿ ಒದ್ದೆಯಾಗಿಡೋದು) ಬೇಕು, ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿಯಂಥ ಸಿಮೆಂಟಿಗೆ ಕನಿಷ್ಠ 10 ದಿನ. ರೂಫಿನ ಕೆಳಗಿನ ಪ್ರಾಪ್ಸ್ (ಆಸರೆ ಕಂಬ) ತೆಗೆಯಲು 4.5 ಮೀಟರ್ ವರೆಗಿನ ಸ್ಪಾನಿಗೆ (ಆಧಾರಗಳ ನಡುವಿನ ಅಂತರಕ್ಕೆ) ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ. ಅದೂ ಓಪಿಸಿ ಲೆಕ್ಕ, ಪಿಪಿಸಿ ಹಾಕಿದ್ದರೆ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಿದಷ್ಟು ಕಾಯಿರಿ. ಸಾಫ್ಟ್‌ವೇರಿನಲ್ಲಿ "ಪ್ರಾಪ್ಸ್ ತೆಗೆಯೋದು" ಅನ್ನೋದು ರೂಫ್ ಹಾಕಿದ ತಾರೀಖಿಗೆ ಕಟ್ಟಿಕೊಂಡಿರಬೇಕು. ಮಳೆ ಬಂದು ರೂಫ್ ಮೂರು ದಿನ ಮುಂದೆ ಹೋದರೆ ಅದೂ ತಾನಾಗಿ ಮುಂದೆ ಹೋಗಬೇಕು. ಸೆಂಟ್ರಿಂಗ್ ಸಾಮಾನು (ಕಾಂಕ್ರೀಟ್ ಹಿಡಿಯುವ ಹಲಗೆ, ಕಂಬ) ಬೇರೆ ಸೈಟಿಗೆ ಬೇಕು ಅಂತ ಮುಂಚೆ ತೆಗೆಯೋದು ಜೀವದ ಜೊತೆ ಆಟ.

ಕ್ಯಾಲೆಂಡರಿನಲ್ಲಿ ನಮ್ಮ ದಿನಗಳನ್ನೂ ಹಾಕಲು ಆಗಬೇಕು. ಆಷಾಢದಲ್ಲಿ, ಧನುರ್ಮಾಸದಲ್ಲಿ ಗೃಹಪ್ರವೇಶ ಇಟ್ಟುಕೊಳ್ಳುವವರು ಕಡಿಮೆ. ಯುಗಾದಿಗೆ, ಊರ ಜಾತ್ರೆಗೆ, ಬಿತ್ತನೆಗೆ ರಾಯಚೂರು ಯಾದಗಿರಿ ಕಡೆಯ ಆಳುಗಳು ಊರಿಗೆ ಹೋಗುತ್ತಾರೆ. ಬಿಹಾರದವರು ಛಠ್ ಪೂಜೆಗೆ, ಹೋಳಿಗೆ ಹೋಗುತ್ತಾರೆ. ಓನರ್ ಮುಹೂರ್ತ ಇಡಿಸಿಕೊಂಡು ಬಂದ ಮೇಲೆ ಟೈಲ್ಸಿನವರು ರಜೆಯಲ್ಲಿದ್ದಾರೆ ಅಂತ ಹೇಳುವ ಹಾಗೆ ಆಗಬಾರದು.

ಅಮೆರಿಕದ ಬಿಲ್ಡರ್‌ಟ್ರೆಂಡ್, ಪ್ರೊಕೋರ್ ತುಂಬಾ ಚೆನ್ನಾಗಿವೆ ಅಂತಾರೆ?

ಅಲ್ಲಿಗೆ ಚೆನ್ನಾಗಿವೆ. ಬಿಲ್ಡರ್‌ಟ್ರೆಂಡ್ ಮನೆ ಕಟ್ಟುವವರಿಗಾಗಿಯೇ ಮಾಡಿದ್ದು. ಓನರ್ ಯಾವ ನಲ್ಲಿ, ಯಾವ ಟೈಲ್ಸ್ ಆರಿಸಿದರು, ಏನು ಬದಲಾವಣೆ ಒಪ್ಪಿದರು ಅನ್ನೋದನ್ನು ಅದರಲ್ಲಿ ಒಂದೊಂದಾಗಿ ದಾಖಲಿಸಬಹುದು, ಆ ಭಾಗ ನಮಗೂ ಮಾದರಿ. ಪ್ರೊಕೋರ್ ಇರೋದು ದೊಡ್ಡ ಕಂಟ್ರಾಕ್ಟರ್‌ಗಳಿಗೆ. ಆದರೆ ಅಲ್ಲಿಯ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು, ಕೆಲಸವೆಲ್ಲ ಸಬ್‌ಕಂಟ್ರಾಕ್ಟಿನಲ್ಲಿ ನಡೆಯುತ್ತದೆ. ಶನಿವಾರದ ಬಟವಾಡೆ, ಲೋಡ್ ಲೆಕ್ಕ, ಜಿಎಸ್‌ಟಿ ಬಿಲ್ಲು ಇವನ್ನೆಲ್ಲ ಅಲ್ಲಿ ಹುಡುಕಬೇಡಿ.

ಭಾರತದಲ್ಲೇ ಕಟ್ಟಡ ಕೆಲಸಕ್ಕೆ ಅಂತ ಮಾಡಿದ ಪವರ್‌ಪ್ಲೇ, ಆನ್‌ಸೈಟ್ ಥರದ ಆ್ಯಪ್‌ಗಳಿವೆ, ಹಾಜರಿ, ಮೆಟೀರಿಯಲ್, ಫೋಟೋ ಇವುಗಳ ಮೇಲೆಯೇ ಅವು ನಿಂತಿರೋದು. ಝೋಹೋ ಪ್ರಾಜೆಕ್ಟ್ಸ್, ಟ್ರೆಲ್ಲೋ ಇವು ಎಲ್ಲ ಥರದ ಕಚೇರಿಗೂ ಆಗುವಂಥವು, ಕೆಲಸ ಹಂಚಲು ಸರಿ, ಸಿಮೆಂಟ್ ಲೆಕ್ಕಕ್ಕೆ ಅಲ್ಲ. ಯಾವುದನ್ನೂ ಹೆಸರು ನೋಡಿ ಕೊಳ್ಳಬೇಡಿ, ಕೆಳಗೆ ಹೇಳಿರುವ ಹಾಗೆ ಪರೀಕ್ಷೆ ಮಾಡಿ.

ಟ್ಯಾಲಿ ಇದೆ. ಅದರಲ್ಲೇ ಮಾಡಬಹುದಾ?

ದುಡ್ಡಿನ ಕಡೆ ಎಷ್ಟೋ ಆಗುತ್ತದೆ, ನಮ್ಮವರು ಅದನ್ನು ಪೂರ್ತಿ ಬಳಸುವುದಿಲ್ಲ ಅಷ್ಟೆ. ಟ್ಯಾಲಿ ಪ್ರೈಮ್‌ನಲ್ಲಿ ಒಂದೊಂದು ಮನೆಯನ್ನು ಒಂದೊಂದು ಕಾಸ್ಟ್ ಸೆಂಟರ್ ಮಾಡಿ. ಒಂದೊಂದು ಸೈಟನ್ನು ಒಂದೊಂದು ಗೋಡೌನ್ ಮಾಡಿ. ಆಗ ಮನೆವಾರು ಖರ್ಚೂ ಸಿಗುತ್ತದೆ, ಸೈಟುವಾರು ಸ್ಟಾಕೂ ಸಿಗುತ್ತದೆ. ಅಕೌಂಟೆಂಟ್ ಒಬ್ಬರು ಕೂತು ಹೇಳಿಕೊಟ್ಟರೆ ಸಾಕು. ಆದರೆ ಸೈಟಿನ ಫೋಟೋ, ಓನರ್ ಒಪ್ಪಿಗೆ, ದಿನದ ಕೆಲಸದ ವರದಿ ಟ್ಯಾಲಿಯ ಕೆಲಸ ಅಲ್ಲ. ಸೈಟಿಗೆ ಒಂದು ಆ್ಯಪ್, ಲೆಕ್ಕಕ್ಕೆ ಟ್ಯಾಲಿ ಅಂತ ಇಟ್ಟುಕೊಂಡರೆ, ಆ್ಯಪಿನಿಂದ ಟ್ಯಾಲಿಗೆ ಮಾಹಿತಿ ಹೋಗುತ್ತದಾ ಅಂತ ಕೇಳಿ. ಇಲ್ಲದಿದ್ದರೆ ಒಂದೇ ಬಿಲ್ಲನ್ನು ಎರಡು ಸಲ ಹೊಡೆಯಬೇಕು, ಎರಡನೇ ತಿಂಗಳಿಗೆ ಒಂದು ನಿಂತುಹೋಗುತ್ತದೆ.

ಜಿಎಸ್‌ಟಿ ವಿಷಯದಲ್ಲಿ ಏನು ನೋಡಬೇಕು?

ಒಂದೇ ಮನೆಗೆ ಬರೀ ಲೇಬರ್ ಕಂಟ್ರಾಕ್ಟ್ ಆದರೆ, ಅದು ಅಪಾರ್ಟ್‌ಮೆಂಟಿನ ಭಾಗವಲ್ಲದ ಮನೆಯಾದರೆ, ಜಿಎಸ್‌ಟಿ ವಿನಾಯಿತಿ ಇದೆ. ಮೆಟೀರಿಯಲ್ ಸೇರಿಸಿ ಮಾಡಿದರೆ ವರ್ಕ್ಸ್ ಕಂಟ್ರಾಕ್ಟ್, 18%. ಎರಡೂ ಥರದ ಕೆಲಸ ಹಿಡಿಯುವವರು ನೀವಾದರೆ ಸಾಫ್ಟ್‌ವೇರ್ ಎರಡೂ ಥರದ ಬಿಲ್ಲು ಮಾಡಬೇಕು. ತೆರಿಗೆ ದರ ಬದಲಾಯಿಸುವ ಜಾಗ ಸುಲಭವಾಗಿ ಸಿಗಬೇಕು. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 28%ರಿಂದ 18%ಕ್ಕೆ ಇಳಿಯಿತು. ಹಳೆಯ ದರವೇ ಟೆಂಪ್ಲೇಟಿನಲ್ಲಿ ಕೂತಿದ್ದರೆ ನಿಮ್ಮ ಎಸ್ಟಿಮೇಟ್ ಇವತ್ತಿಗೂ ತಪ್ಪು ಬರುತ್ತದೆ, ಒಂದು ಸಲ ತೆಗೆದು ನೋಡಿ. ಉಳಿದದ್ದು ಆಡಿಟರ್ ಹತ್ತಿರ ಕೇಳಿ ಮಾಡಿ.

ದುಡ್ಡು ಹಾಕದೆ ಶುರು ಮಾಡೋಕೆ ಆಗಲ್ವಾ?

ಆಗುತ್ತದೆ. ಗೂಗಲ್ ಶೀಟ್‌ನಲ್ಲಿ ಮನೆಗೊಂದು ಫೈಲ್ ಮಾಡಿ, ಅದರಲ್ಲಿ ನಾಲ್ಕೇ ಹಾಳೆ ಇರಲಿ: ಬಂದ ಮೆಟೀರಿಯಲ್, ಕೊಟ್ಟ ದುಡ್ಡು, ಹೆಚ್ಚುವರಿ ಕೆಲಸ, ಓನರ್ ಕೊಟ್ಟ ಹಂತದ ಹಣ. ಸೂಪರ್‌ವೈಸರ್‌ಗೆ ಶೀಟ್ ತುಂಬೋದು ಕಷ್ಟ ಆದರೆ ಗೂಗಲ್ ಫಾರ್ಮ್ ಮಾಡಿಕೊಡಿ, ಫೋನಿನಲ್ಲಿ ಸುಲಭ. ಉಚಿತ ಖಾತೆಯಲ್ಲಿ 15 ಜಿಬಿ ಜಾಗ ಇರುತ್ತದೆ, ಸೈಟಿನ ಫೋಟೋ ವಿಡಿಯೋ ಎಲ್ಲ ಅದರಲ್ಲೇ ಹಾಕಿದರೆ ಬೇಗ ತುಂಬುತ್ತದೆ. ಮೂರು ತಿಂಗಳು ಬಿಡದೆ ಇದನ್ನು ತುಂಬಿದರೆ ನಿಮಗೆ ನಿಜವಾಗಿ ಏನು ಬೇಕು ಅಂತ ನಿಮಗೇ ಗೊತ್ತಾಗುತ್ತದೆ. ಇಷ್ಟನ್ನೂ ತುಂಬದ ಕಚೇರಿಯಲ್ಲಿ ದುಬಾರಿ ಸಾಫ್ಟ್‌ವೇರ್ ಕೂಡ ಖಾಲಿಯಾಗೇ ಇರುತ್ತದೆ.

ನಮ್ಮ ಮೇಸ್ತ್ರಿ ಆ್ಯಪ್ ಮುಟ್ಟಲ್ಲ. ಏನು ಮಾಡೋದು?

ಮುಟ್ಟದಿರಲು ಕಾರಣ ಇರುತ್ತದೆ, ಮೊದಲು ಅದನ್ನು ಕೇಳಿ. ಒಂದು, ಭಾಷೆ. ಆ್ಯಪ್ ಕನ್ನಡದಲ್ಲಿ ಇದೆಯಾ? ಟೈಲ್ಸಿನ ತಂಡಕ್ಕೆ, ಪೇಂಟ್ ತಂಡಕ್ಕೆ ಹಿಂದಿಯೂ ಬೇಕಾಗಬಹುದು. ಮೆನು ಮಾತ್ರ ಕನ್ನಡ, ವರದಿ ಇಂಗ್ಲಿಷ್ ಅನ್ನುವಂಥವೂ ಇವೆ, ಪೂರ್ತಿ ನೋಡಿ. ಎರಡು, ಅನುಮಾನ. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದವರ ಕೈಗೆ ಜಿಪಿಎಸ್ ಹಿಡಿಯುವ ಆ್ಯಪ್ ಕೊಟ್ಟರೆ ತನ್ನನ್ನು ಕಾಯ್ತಾ ಇದ್ದಾರೆ ಅಂತ ಬೇಜಾರಾಗುತ್ತದೆ. ಅದು ನ್ಯಾಯವಾದ ಬೇಜಾರು. ಏನು ದಾಖಲಾಗುತ್ತದೆ, ಯಾಕೆ ಅಂತ ಕೂತು ಹೇಳಿ, ಬೇಡದ ಸೌಲಭ್ಯ ಆಫ್ ಮಾಡಿ.

ಮೂರು, ಜಾಸ್ತಿ ಕೆಲಸ. ದಿನಕ್ಕೆ ಇಷ್ಟೇ ಕೇಳಿ: ಎಷ್ಟು ಜನ ಬಂದರು, ಏನು ಇಳಿಯಿತು, ಏನು ಆಯಿತು, ನಾಳೆಗೆ ಏನು ಬೇಕು, ಎರಡು ಫೋಟೋ. ಟೈಪ್ ಮಾಡಲು ಆಗದಿದ್ದರೆ ಮಾತಾಡಿ ಕಳಿಸುವ ಸೌಲಭ್ಯ ಇರಲಿ.

ಫೋಟೋ ಅಷ್ಟು ಮುಖ್ಯವಾ?

ಹೌದು, ಅದರಲ್ಲೂ ಎರಡು ಸಮಯದಲ್ಲಿ. ರೂಫ್ ಕಾಂಕ್ರೀಟ್ ಹಾಕುವ ಮೊದಲು ಕಂಬಿ ಕಟ್ಟಿದ್ದು, ಕವರ್ ಬ್ಲಾಕ್ (ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ತುಂಡು) ಇಟ್ಟಿದ್ದು. ಪ್ಲಾಸ್ಟರ್ ಮಾಡುವ ಮೊದಲು ಪ್ರತಿ ಗೋಡೆಯ ವೈರಿಂಗ್ ಪೈಪು, ನೀರಿನ ಪೈಪು. ಎರಡು ವರ್ಷದ ಮೇಲೆ ಟಿವಿ ಹಾಕಲೋ ಕಪಾಟು ಕೂರಿಸಲೋ ಗೋಡೆಗೆ ಡ್ರಿಲ್ ಮಾಡುವವರಿಗೆ ಆ ಫೋಟೋವೇ ಗತಿ. ಟೇಪ್ ಹಿಡಿದು ತೆಗೆಸಿ, ನೆಲದಿಂದ ಎಷ್ಟು ಎತ್ತರದಲ್ಲಿ ಪೈಪ್ ಇದೆ ಅಂತ ಕಾಣಲಿ. ಆ್ಯಪಿನಲ್ಲಿ ರೂಮಿನ ಹೆಸರಿನಲ್ಲಿ ಹುಡುಕಲು ಬರಬೇಕು, ಬರೀ ತಾರೀಖಿನಲ್ಲಿ ಅಲ್ಲ.

ಓನರ್‌ಗೂ ಲಾಗಿನ್ ಕೊಡಬೇಕಾ?

ಕೊಡಿ, ಆದರೆ ಅವರ ಮನೆಯದು ಮಾತ್ರ ಕಾಣಲಿ. ದುಬೈನಲ್ಲೋ ಅಮೆರಿಕದಲ್ಲೋ ಕೂತು ಊರಲ್ಲಿ ಮನೆ ಕಟ್ಟಿಸುವ ಕನ್ನಡಿಗರಿಗೆ ವಾರಕ್ಕೊಮ್ಮೆ ಬರುವ ಫೋಟೋ ವರದಿ ದೊಡ್ಡ ಸಮಾಧಾನ. ಬ್ಯಾಂಕ್ ಸಾಲದ ಹಣವೂ ಹಂತ ಹಂತವಾಗಿಯೇ ಬಿಡುಗಡೆ ಆಗೋದು, ತಾರೀಖು ಇರುವ ವರದಿ ಓನರ್ ಕೈಲಿದ್ದರೆ ಬ್ಯಾಂಕಿನವರಿಗೆ ತೋರಿಸಲು ಅನುಕೂಲ. ನಿಮ್ಮ ಖರೀದಿ ದರ, ಕೂಲಿ ದರ ಅವರಿಗೆ ಕಾಣಬೇಕಾ ಅನ್ನೋದು ಒಪ್ಪಂದದ ಮೇಲೆ ಹೋಗುತ್ತದೆ. ಕಾಸ್ಟ್ ಪ್ಲಸ್ (ಆದ ಖರ್ಚಿನ ಮೇಲೆ ನಿಮ್ಮ ಶುಲ್ಕ) ಆದರೆ ಕಾಣಲೇಬೇಕು, ಚದರ ಅಡಿ ದರದ ಒಪ್ಪಂದವಾದರೆ ಬೇಕಿಲ್ಲ. ಯಾರಿಗೆ ಏನು ಕಾಣಬೇಕು ಅಂತ ಬೇರೆ ಬೇರೆ ಹೊಂದಿಸಲು ಬರುತ್ತದಾ ನೋಡಿ.

ಟ್ರಯಲ್‌ನಲ್ಲಿ ಹೇಗೆ ಪರೀಕ್ಷೆ ಮಾಡೋದು?

ಸುಮ್ನೆ ಡೆಮೊ ನೋಡಿ ತಲೆಯಾಡಿಸಬೇಡಿ. ನಡೆಯುತ್ತಿರುವ ಒಂದು ಮನೆಯನ್ನು, ಗೋಡೆ ಹಂತದಲ್ಲಿರುವುದಾದರೆ ಒಳ್ಳೆಯದು, ಪೂರ್ತಿ ಅದರಲ್ಲಿ ಹಾಕಿ ಎರಡು ವಾರ ನಡೆಸಿ. ಎರಡು ಬಟವಾಡೆ ಅದರಲ್ಲೇ ಮಾಡಿ. ಒಂದು ಲೋಡ್ ಜಲ್ಲಿ ಇಳಿಸಿಕೊಳ್ಳಿ. ಒಂದು ಹೆಚ್ಚುವರಿ ಕೆಲಸಕ್ಕೆ ಓನರ್ ಒಪ್ಪಿಗೆ ತೆಗೆಸಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಹಾಜರಿಯನ್ನೂ ಫೋಟೋವನ್ನೂ ಹಾಕಿ, ಆಮೇಲೆ ನೆಟ್ ಆನ್ ಮಾಡಿದಾಗ ಎಲ್ಲ ಸರಿಯಾಗಿ ಹೋಯಿತಾ ನೋಡಿ, ಯಾಕೆಂದರೆ ಊರ ಹೊರಗಿನ ಲೇಔಟುಗಳಲ್ಲಿ ಸಿಗ್ನಲ್ ನಂಬುವ ಹಾಗಿಲ್ಲ. ಹಳೆಯ, ಕಡಿಮೆ ಬೆಲೆಯ ಫೋನಿನಲ್ಲೂ ತೆರೆದು ನೋಡಿ. ಮೇಸ್ತ್ರಿಗಳ ಹತ್ತಿರ ಇರುವುದು ಅದೇ.

ಕೊನೆಗೆ ಎಲ್ಲ ಮಾಹಿತಿಯನ್ನೂ ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಫೋಟೋಗಳನ್ನೂ ಕೂಡ. ಅದು ಆಗದಿದ್ದರೆ ಅಲ್ಲಿಗೇ ಬಿಡಿ. ಕಂಪನಿಗಳು ಮಾರಾಟವಾಗುತ್ತವೆ, ಮುಚ್ಚುತ್ತವೆ. ಅಮೆರಿಕದಲ್ಲಿ ಮನೆ ಬಿಲ್ಡರ್‌ಗಳು ಬಳಸುತ್ತಿದ್ದ ಕೋಕನ್‌ಸ್ಟ್ರಕ್ಟ್ ಅನ್ನು 2021ರಲ್ಲಿ ಬಿಲ್ಡರ್‌ಟ್ರೆಂಡ್ ಕೊಂಡುಕೊಂಡಿತು. ನಿಮ್ಮ ಲೆಕ್ಕ ನಿಮ್ಮ ಕೈಯಲ್ಲೂ ಇರಬೇಕು.

ದುಡ್ಡಿನ ಮಾತು ಹೇಗೆ ಆಡಬೇಕು?

ಒಬ್ಬರಿಗೆ ಇಷ್ಟು ಅಂತಲಾ, ಸೈಟಿಗೆ ಇಷ್ಟು ಅಂತಲಾ ಕೇಳಿ. ಸೂಪರ್‌ವೈಸರ್‌ಗಳು ಜಾಸ್ತಿ ಇರುವವರಿಗೆ ಮೊದಲನೆಯದು ದುಬಾರಿ. ಮೇಲೆ 18% ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಿ. ಮೊದಲ ಸಲಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಕಟ್ಟಬೇಡಿ, ಎಷ್ಟೇ ರಿಯಾಯಿತಿ ಹೇಳಿದರೂ. ಕಲಿಸಿಕೊಡಲು ಸೈಟಿಗೆ ಬರುತ್ತಾರಾ, ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡುತ್ತಾರಾ, ಇದನ್ನು ಬರೆಸಿಕೊಳ್ಳಿ. ಮುಖ್ಯ ಖಾತೆ ನಿಮ್ಮ ಸ್ವಂತ ನಂಬರಿನಲ್ಲೇ ಇರಲಿ, ಸೂಪರ್‌ವೈಸರ್ ನಂಬರಿನಲ್ಲಿ ಬೇಡ.

ಮುಂದೆ ಅಪಾರ್ಟ್‌ಮೆಂಟ್ ಮಾಡೋ ಯೋಚನೆ ಇದೆ. ಆಗಲೂ ಇದೇ ಸಾಕಾ?

ಸಾಲದು. ಜಾಗಕ್ಕೆ 500 ಚದರ ಮೀಟರ್, ಫ್ಲಾಟಿಗೆ ಎಂಟು ಅನ್ನುವ ಮಿತಿ ದಾಟಿದರೆ ಮಾರುವ ಮೊದಲು ರೇರಾ (ರಿಯಲ್ ಎಸ್ಟೇಟ್ ಕಾನೂನು) ನೋಂದಣಿ ಬೇಕು. ಕೊಳ್ಳುವವರಿಂದ ಬಂದ ಹಣದ 70% ಬೇರೆ ಖಾತೆಯಲ್ಲಿ ಇಡಬೇಕು, ಮೂರು ತಿಂಗಳಿಗೊಮ್ಮೆ ಪ್ರಗತಿ ಹಾಕಬೇಕು. ಅದಕ್ಕೆ ಬುಕಿಂಗ್, ಫ್ಲಾಟುವಾರು ಕಂತು ಎಲ್ಲ ಇರುವ ಬೇರೆ ಮಟ್ಟದ ಸಾಫ್ಟ್‌ವೇರ್ ನೋಡಿ. ಆ ದಿನ ಬಂದಾಗ ನೋಡಿದರಾಯಿತು, ಈಗಲೇ ಅದಕ್ಕೆ ದುಡ್ಡು ಕಟ್ಟಬೇಡಿ.

ಮನೆ ಮುಗಿದ ಮೇಲೆ ಆ ಮಾಹಿತಿ ಇಟ್ಟುಕೊಳ್ಳಬೇಕಾ?

ಇಟ್ಟುಕೊಳ್ಳಲೇಬೇಕು. ಜಿಎಸ್‌ಟಿ ನೋಂದಣಿ ಇದ್ದರೆ ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ದಾಖಲೆಗಳನ್ನು ಉಳಿಸಬೇಕು. ಸಾಫ್ಟ್‌ವೇರ್ ಬಿಟ್ಟರೂ ಪ್ರತಿ ಇರಲಿ. ಓನರ್‌ಗೆ ಒಂದು ಫೋಲ್ಡರ್ ಮಾಡಿ ಕೊಡಿ: ಕಟ್ಟಿದ ಹಾಗೆ ತಿದ್ದಿದ ನಕ್ಷೆ, ಪ್ಲಾಸ್ಟರ್‌ಗೆ ಮೊದಲಿನ ಪೈಪು ಫೋಟೋಗಳು, ಮೋಟರ್ ಮತ್ತು ವಾಟರ್‌ಪ್ರೂಫಿಂಗ್ ವಾರಂಟಿ ಬಿಲ್ಲು, ಟೈಲ್ಸಿನ ಕಂಪನಿ ಮತ್ತು ಬ್ಯಾಚ್ ನಂಬರ್, ಪ್ರತಿ ರೂಮಿನ ಪೇಂಟ್ ಶೇಡ್ ಕೋಡ್. ಒಂದೆರಡು ಬಾಕ್ಸ್ ಟೈಲ್ಸ್ ಉಳಿಸಿ ಮನೆಯಲ್ಲೇ ಇಟ್ಟಿದ್ದರೆ, ಎಲ್ಲಿ ಇಟ್ಟಿದ್ದೀರಿ ಅಂತಲೂ ಅದರಲ್ಲಿ ಬರೆಯಿರಿ.